ಕೊರಳಾಗಿನ ಜಲಚರ

ಉದಗೀರ

ಮೂವತ್ತೊಂದು ವರ್ಷ ನಾ ಸಮುದ್ರ ಕಲಿಸೀನಿ. ಸಮುದ್ರ ನೋಡಿರಲಿಲ್ಲ.

ಉದಗೀರದ ಒಂದು ಇಂಗ್ಲಿಷ್ ಮೀಡಿಯಂ ಸಾಲ್ಯಾಗ ನಾ ಸೈನ್ಸ್ ಟೀಚರ್ ಇದ್ದೆ. ದರ ವರ್ಷ ಪೊರಿಫೆರಾ, ಸೀಲೆಂಟರೇಟಾ, ಮೊಲಸ್ಕಾ, ಎಕೈನೋಡರ್ಮೇಟಾ ಅಂತ ಒಂದೊಂದು ಫೈಲಮ್ಮಿನ, ಅಂದರ ಪ್ರಾಣಿವಂಶದ, ಹೆಸರು ಬೋರ್ಡಿನ ಮ್ಯಾಲ ಬರೀತಿದ್ದೆ. ನಮ್ಮ ಲ್ಯಾಬ್‌ನಾಗ ಒಂದು ಬಾಟ್ಲಿಯೊಳಗ ಸ್ಟಾರ್‌ಫಿಶ್ ಇತ್ತು. ಫಾರ್ಮಲಿನ್‌ನಾಗ ನೆನೆದು ನೆನೆದು ಅದು ಹಳೇ ಹಪ್ಪಳದ ಬಣ್ಣಕ್ಕ ಬಂದಿತ್ತು. ಒಂದು ಕಾಲು ಮುರಿದು ತಳಕ್ಕ ಬಿದ್ದಿತ್ತು. ಇದು ಹೆಂಗ ಊಟ ಮಾಡ್ತದ ಅಂತ ಮಕ್ಕಳು ಕೇಳಿದರ, ಹೊಟ್ಟಿನ್ನೇ ಬಾಯಿಂದ ಹೊರಗ ಚಾಚಿ ಸಿಂಪಿಯೊಳಗಿನ ಹುಳ ತಿಂತದ ಅಂತ ಹೇಳತಿದ್ದೆ. ಯಾರೂ ನಂಬತಿರಲಿಲ್ಲ. ಖರೇ ಹೇಳಬೇಕಂದರ ನನಗೂ ಪೂರ್ತಿ ನಂಬಿಗಿ ಇರಲಿಲ್ಲ. ನಮ್ಮ ಕಡೆ ನೀರು ಅಂದರ ಮಾಂಜ್ರಾ ನದಿ; ಅದರಾಗ ಎಮ್ಮಿ ಕೂತರ ಅದೇ ದೊಡ್ಡ ಜಲಚರ.

ಹಿಂಗಿದ್ದಾಗ ಲಾತೂರಿನ ಟೂರ್‌ನವರೊಬ್ಬರು ಹೆಣ್ಮಕ್ಕಳಿಗಷ್ಟೇ ಅಂತ ಮಾಲ್ದೀವ್ಸ್ ಪ್ರವಾಸ ತೆಗೆದರು. ಪೇಪರಿನ ಜಾಹೀರಾತಿನಾಗ ನೀಲಿ ನೀರು, ನೀರಾಗ ಹಳದಿ ಮೀನು. ಎಪ್ಪತ್ತೆರಡು ವರ್ಷದಾಕಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಾಕಿ, ಹರೇದ ಹುಡುಗಿ ಹಂಗ ಆ ಕಾಗದ ಕತ್ತರಿಸಿ ತಲಿದಿಂಬಿನ ಕೆಳಗ ಇಟ್ಟುಕೊಂಡೆ.

ಒಬ್ಬಾಕಿನೇ ಹೋಗೋದು ಬ್ಯಾಡ ಅಂತ ಮುರುಮ ಊರಿಂದ ನಮ್ಮ ಭಾವನವರ ಫೋನ್ ಬಂತು. ಭಾವನವರು ಅಂದರ ತೀರಿಹೋದ ನಮ್ಮ ಮಾಲಕರ, ನನ್ನ ಗಂಡನ, ಅಣ್ಣ. ಆ ಕಡಿ ಊರಾಗೆಲ್ಲ ಮನಿಮನಿಗೆ ಹೋಗಿ ಪೂಜಿ, ಲಗ್ನ, ಮನಿಶಾಂತಿ ಮಾಡಿಸೋ ಅಯ್ಯನವರು. ಜೋಡಿಗೆ ತಮ್ಮ ಹೆಂಡತಿನ್ನ ಕಳಿಸತೀನಿ ಅಂದರು. ಆಕಿ ಶಾಂತಕ್ಕ, ನನ್ನ ನೆಗೆಣ್ಣಿ. ಆಕಿ ಮರಾಠಿ ಸಾಲ್ಯಾಗ ನಾಕನೇತ್ತಾ ತನಕ ಕಲಿತಾಕಿ. ನಾ ಕಲಬುರ್ಗಿ ಕಾನ್ವೆಂಟ್‌ನಾಗ ಸಿಸ್ಟರ್ ಬೆನೆಡಿಕ್ಟಾನ ಕೈಲೆ ಬೆರಳ ಗೆಣ್ಣಿನ ಮ್ಯಾಲ ಫೂಟ್‌ಪಟ್ಟಿ ಏಟು ತಿಂದು ಕಲಿತಾಕಿ. ಐವತ್ತು ವರ್ಷದಿಂದ ನಮ್ಮಿಬ್ಬರದು ಒಂದೇ ಜಗಳ: ಯಾರಿಗೆ ಹೆಚ್ಚು ತಿಳೀತದ.

ಹೈದರಾಬಾದಿನ ವಿಮಾನ ನಿಲ್ದಾಣ

ಮೊದಲನೇ ತಕರಾರು ದೇವರದು. ನಮ್ಮ ಮನಿ ಹೆಣ್ಮಕ್ಕಳ ಕೊರಳಾಗ ಬೆಳ್ಳಿ ಕರಡಿಗಿ ಇರ್ತದ, ಅದರೊಳಗ ಇಷ್ಟಲಿಂಗ. ಮಷೀನು ಕುಂಯ್ ಅಂತು. ಖಾಕಿ ಹಾಕಿದ ಹುಡುಗಿ, ಡಬ್ಬ್ಯಾಗ ಏನದ ಅಂತ ಹಿಂದಿಯೊಳಗ ಕೇಳಿದಳು. ಶಾಂತಕ್ಕ ಶಾಂತವಾಗಿ, ದೇವರು ಅಂದಳು. ತೆಗೆದು ತೋರಿಸ್ರಿ ಅಂತ ಹುಡುಗಿ. ದೇವರನ್ನ ಮುಟ್ಟೋ ಮೊದಲು ಈ ಹುಡುಗಿದು ಜಳಕ ಆಗ್ಯದೇನು ಕೇಳು ಅಂತ ಶಾಂತಕ್ಕ ನನಗ ಹೇಳಿದಳು. ನಾ ಅದನ್ನ ಹಿಂದಿಗೆ ಹೆಂಗ ತಿರುಗಿಸಲಿ ಅಂತ ಯೋಚನಿ ಮಾಡೋದ್ರೊಳಗ ಆ ಹುಡುಗಿ ತನ್ನ ಕಾಲರ್ ಸರಿಸಿ ತನ್ನ ಕರಡಿಗಿ ತೋರಿಸಿದಳು. ಬೀದರ್ ಕಡಿಯಾಕಿ. ಮುಂದ ಏನೂ ಕೇಳಲಿಲ್ಲ. ಚೀಲದಾಗಿನ ವಿಭೂತಿ ಗಟ್ಟಿ ನೋಡಿ ಇನ್ನೊಬ್ಬಂವಾ ಹುಬ್ಬು ಏರಿಸಿದಾಗ ಆಕಿನೇ ಅವಂಗ ಬೈದಳು.

ವಿಮಾನದಾಗ ಕಿಟಕಿ ನನಗ ಸಿಕ್ತು. ಒಂದು ತಾಸಿನ ಮ್ಯಾಲ ಕೆಳಗ ನೀಲಿ ಕಾಣಿಸಿತು. ಬರೇ ನೀಲಿ, ದಂಡಿನೇ ಇಲ್ಲ. ಏನೋ ಆಗಿ ನಾ ಅಳಲಿಕ್ಕೆ ಶುರು ಮಾಡಿದೆ. ಏರ್ ಹೋಸ್ಟೆಸ್ ಬಂದು, ಅಂಜಬ್ಯಾಡ್ರಿ, ವಿಮಾನ ಬಾಳ ಸೇಫ್ ಅದ ಅಂತ ಸಮಾಧಾನ ಮಾಡಿ ಒಂದು ಕಿತ್ತಳಿ ಚಾಕ್ಲೇಟ್ ಕೊಟ್ಟಳು. ನಾ ಅಂಜಿಲ್ಲ ಅಂತ ಹೇಳಲಿಲ್ಲ. ಚಾಕ್ಲೇಟ್ ಬಿಡಬಾರದಲ್ಲ.

ದ್ವೀಪ, ಮೊದಲನೇ ದಿನ

ನಮ್ಮನ್ನ ಇಳಿಸಿದ ದ್ವೀಪ ಔರಾದ ಶಹಾಜನಿಯ ಸಂತಿ ಬಯಲಿನಷ್ಟು ಅಗಲ ಇದ್ದಿತ್ತೋ ಏನೋ. ಈ ದಂಡ್ಯಾಗ ಸೀನಿದರ ಆ ದಂಡ್ಯಾಗ ಕೇಳತಿತ್ತು. ಅಲ್ಲಿ ಮಂದಿದು ಒಂದು ಒಳ್ಳೆ ಪದ್ಧತಿ: ಓಣಿ ಮೂಲಿಮೂಲಿಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದಕ್ಕ ಬಲಿ ಕಟ್ಟಿದ ಜೋತಾಡೋ ಕುರ್ಚಿ ಮಾಡಿ, ಸಂಜಿ ಹೊತ್ತು ಅದರಾಗ ಬಿದ್ದುಕೊಂಡು ಹೋಗಿಬರೋರನ್ನ ನೋಡಿಕೋತ ಇರ್ತಾರ. ಇದಕ್ಕ ಏನಂತೀರಿ ಅಂತ ನಮ್ಮ ಗೈಡ್ ಅಲಿಗೆ ಕೇಳಿದೆ. ಹಿಂದಿ ಸಿನೆಮಾ ನೋಡಿ ಹಿಂದಿ ಕಲಿತ ಅಲಿ ಎದಿ ಮ್ಯಾಲ ಕೈ ಇಟ್ಟುಕೊಂಡು, "ಜೋಲಿ" ಅಂದ. ಶಾಂತಕ್ಕ ನನ್ನ ಕಡೆ ತಿರುಗಿದಳು. "ನೋಡು ಸರೂ, ಇಷ್ಟು ದೂರ ಬಂದು ಕನ್ನಡನೇ ಮಾತಾಡ್ಲಿಕತ್ತಾರ. ನಿನ್ನ ಇಂಗ್ಲಿಷ್ ಯಾಕ ಬೇಕಿತ್ತು?" ಅಂದು, ಸೀರಿ ಸಾವರಿಸಿಕೊಂಡು ಒಂದು ಜೋಲಿಯೊಳಗ ಇಳಿದಳು. ಹೊರಗ ತೆಗೀಲಿಕ್ಕೆ ಮೂರು ಮಂದಿ ಬೇಕಾದರು.

ಅಲ್ಲಿಯವರಿಗೆ ಮೀನು ಅಂದರ ನಮಗ ಉಳ್ಳಾಗಡ್ಡಿ ಇದ್ದಂಗ. ಅದು ಅಡಗಿಯೊಳಗ ಲೆಕ್ಕಕ್ಕೇ ಬರೂದಿಲ್ಲ. ವೆಜಿಟೇರಿಯನ್ ಅಂತ ಮೂರು ಸಲ ಹೇಳಿದ ಮ್ಯಾಲ, ಬರೇ ಸಣ್ಣ ಮೀನು ಹಾಕಲೇನು ಅಂತ ಅಡಗಿಯಂವಾ ಕರುಣೆಲೆ ಕೇಳಿದ. ಟೂರಿನ ಲೀಡರ್ ಪಲ್ಲವಿ ಅಂಬಾಕಿ ತನ್ನ ಸ್ವಂತ ಕುಕ್ಕರ್ ತಂದಿದ್ದಳು, ಉಳಿಕೊಂಡಿವಿ.

ದಂಡಿ ಮ್ಯಾಲಿನ ಉಸುಕು ಹಿಟ್ಟಿನಂಗ ಬೆಳ್ಳಗ ಇತ್ತು. ರಂಗೋಲಿಗೆ ಪಾಡಾಗ್ತದ ಅಂತ ಶಾಂತಕ್ಕ ಬೊಗಸಿಲೆ ತೆಗೆದು ನೋಡಿದಳು. ಪ್ಯಾರಟ್‌ಫಿಶ್ ಅಂತ ಗಿಳಿ ಕೊಕ್ಕಿನ ಮೀನದ, ಅದು ಇಲ್ಲಿಯ ಬಂಡಿಗಲ್ಲು ಕಡಿದು ನುಂಗಿ ಹಿಂದಿನಿಂದ ಬಿಡ್ತದ, ಈ ಉಸುಕಿನಾಗ ಬಹಳಷ್ಟು ಅದರ ಸೆಗಣಿ ಅಂತ ನಾ ಗಂಭೀರಾಗಿ ತಿಳಿಸಿದೆ. ಆಕಿ ಹೇಸಲಿಲ್ಲ. ನಾವು ಸೆಗಣಿ ಸಾರಿಸಿ ಅದರ ಮ್ಯಾಲ ರಂಗೋಲಿ ಹಾಕತೀವಿ, ಇಲ್ಲಿ ಸೆಗಣಿನೇ ರಂಗೋಲಿ, ಒಂದು ಕೆಲಸ ಉಳೀತು ಅಂದಳು. ದೇವಣಿ ಆಕಳದ್ದು ಆಗಲಿ ಮೀನಿಂದು ಆಗಲಿ, ಸೆಗಣಿ ಅಂದರ ಆಕಿಗೆ ಗೌರವನೇ.

ಆವತ್ತೇ ಹರ್ಮಿಟ್ ಕ್ರ್ಯಾಬ್ ನೋಡಿದಿವಿ. ತನ್ನ ಸ್ವಂತ ಚಿಪ್ಪಿಲ್ಲದ ಏಡಿ ಅದು, ಸತ್ತ ಶಂಖದಾಗ ಬಾಡಿಗಿ ಇರ್ತದ. ಮೈ ಬೆಳೆದಂಗ ಮನಿ ಸಣ್ಣದಾಗ್ತದ. ಆವಾಗ ಅವೆಲ್ಲ ದೊಡ್ಡದರಿಂದ ಸಣ್ಣದರ ತನಕ ಪಾಳಿ ಹಚ್ಚಿ ನಿಲ್ಲತಾವ. ಮುಂದಿನದು ದೊಡ್ಡ ಮನಿಗೆ ಹೊಕ್ಕ ಕೂಡಲೆ ಅದರ ಖಾಲಿ ಮನಿಗೆ ಹಿಂದಿನದು, ಅದರದಕ್ಕ ಅದರ ಹಿಂದಿನದು. ಜಗಳಿಲ್ಲ, ಡಿಪಾಸಿಟ್ ಇಲ್ಲ. ಉದಗೀರದ ಬಾಡಿಗಿ ಮನಿಗಳೊಳಗ ಬಾಳ್ವಿ ಮಾಡಿದ ನಾ ಅರ್ಧ ತಾಸು ಅಲ್ಲೇ ಕುಕ್ಕರಗಾಲಿಲೆ ಕೂತೆ.

ಗಾಜಿನ ತಳದ ದೋಣಿ

ಎರಡನೇ ದಿನ ಹನ್ನೆರಡು ಹೆಣ್ಮಕ್ಕಳನ್ನ ಒಂದು ದೋಣಿಗೆ ಹತ್ತಿಸಿದರು. ದೋಣಿಯ ತಳಕ್ಕ ಗಾಜು. ಎಲ್ಲರೂ ಬಾವಿಗೆ ಬಗ್ಗಿದಂಗ ಬಗ್ಗಿ ಕೂತಿವಿ.

ಹೆಂಗ ಬರೀಲಿ? ಮೂವತ್ತೊಂದು ವರ್ಷ ಬಿಳಿ ಖಡುವಿಲೆ ಬರೆದದ್ದೆಲ್ಲ ಬಣ್ಣ ಹಚ್ಚಿಕೊಂಡು ಈಸಲಿಕತ್ತಿತ್ತು. ನನ್ನ ಸ್ಟಾರ್‌ಫಿಶ್ ಇತ್ತು, ನೀಲಿದು, ಪಂಚಮಿಗೆ ಹೊಸಾ ಸೀರಿ ಉಟ್ಟಂಗ. ಐದೂ ಕಾಲು ನೆಟ್ಟಗಿದ್ದವು. ಬಾಯಾಗಿಂದ ಇಂಗ್ಲಿಷ್ ಹೆಸರು ತಾವೇ ಬರಲಿಕತ್ತವು. ಅಲಿ ಪಾಪ ತನ್ನ ಕೆಲಸ ನನಗ ಬಿಟ್ಟುಕೊಟ್ಟು ಸುಮ್ಮನ ಕೂತ. ಒಂದೇ ಒಂದು ಸಲ ತಿದ್ದಿದ. ಸೀಲೆಂಟರೇಟಾ ಅನ್ನೋದು ಹಳೇ ಹೆಸರಂತ, ಈಗ ನೈಡೇರಿಯಾ ಅಂತಾರಂತ. ನಾ ರಿಟೈರ್ ಆದ ಮ್ಯಾಲ ಯಾರಿಗೂ ಹೇಳದ ಕೇಳದ ಹೆಸರು ಬದಲಿಸಿದ್ದಕ್ಕ ಜರಾ ಬ್ಯಾಸರಾತು.

ಬಂಡಿಗಲ್ಲಿನ ಸಂದಿಯೊಳಗ ಆಕ್ಟೋಪಸ್. ಮೂರು ಹೃದಯ ಅವ ಅದಕ್ಕ ಅಂದೆ. ಮೂರಿದ್ದೂ ಇಷ್ಟು ಅಂಜತದಲ್ಲ ಅಂತ ಶಾಂತಕ್ಕ. ಕ್ಲೌನ್‌ಫಿಶ್ ಬಂತು, ಕಿತ್ತಳಿ ಬಣ್ಣಕ್ಕ ಬಿಳಿ ಪಟ್ಟಿ. ಹೆಂಡತಿ ಸತ್ತರ ಗಂಡ ಮೀನೇ ಹೆಣ್ಣಾಗ್ತದ ಅಂದಾಗ ದೋಣಿಯೊಳಗ ನಗಿ ಎದ್ದಿತು. ಹಂಗಾದರ ನಮ್ಮ ಅಯ್ಯನವರು ಭಾಂಡಿ ತಿಕ್ಕಬೇಕಾಗ್ತದ, ಅದಕ್ಕ ನಾ ಸಾಯೂದಿಲ್ಲ ಅಂತ ಶಾಂತಕ್ಕ ಠರಾವು ಪಾಸ್ ಮಾಡಿದಳು. ಸಮುದ್ರದ ಸೌತಿಕಾಯಿ ಅಂತ ಒಂದು ಕರೇ ಹುಳ ಬಿದ್ದಿತ್ತು. ವೈರಿ ಬಂದರ ತನ್ನ ಕರಳೇ ಹೊರಗ ಒಗೆದು ಪಾರಾಗ್ತದ ಅಂದೆ. ಆವತ್ತು ಸಂಜಿ ಯಾರೂ ಕೋಶಿಂಬೀರಿ ಮುಟ್ಟಲಿಲ್ಲ.

ಆಮ್ಯಾಲ ಅಲಿ ಒಂದು ಕವಡಿ ತೋರಿಸಿದ. ಜೀವಂತ ಕವಡಿ. ಚಿಪ್ಪಿನ ಮ್ಯಾಲೆಲ್ಲ ತನ್ನ ಮೈನ ಶಾಲಿನಂಗ ಹೊದ್ದುಕೊಂಡು ಮೆಲ್ಲಕ ಹೊಂಟಿತ್ತು. ನಮ್ಮ ಕಡೆ ತುಳಜಾಪುರದ ಭವಾನಿ ಭಕ್ತರು ಕೊರಳತುಂಬ ಕವಡಿ ಸರ ಹಾಕತಾರ. ಹಿಂದಕ ಇಲ್ಲಿಂದನೇ ಹಡಗು ತುಂಬಿ ಕವಡಿ ನಮ್ಮ ದೇಶಕ್ಕ ಹೋಗತಿದ್ದವು ಅಂತ ಅಲಿ ಹೇಳಿದ. ಉಮರ್ಗಾದಿಂದ ಬಂದಿದ್ದ ಇಬ್ಬರು ಹೆಣ್ಮಕ್ಕಳು ಗಾಜಿಗೆ ಹಣಿ ಹಚ್ಚಿ ಕೈ ಮುಗಿದರು. ದೇವಿ ಕೊರಳಾಗಿಂದು ಬಸವನಹುಳದ ಅಕ್ಕ ಅಂತ ತಿಳಿದು ಅವರಿಗೆ ಸಂತೋಷನೇ ಆತು.

ಇಲ್ಲಿಗೆ ನಾ ಬಾಯಿ ಮುಚ್ಚಬೇಕಿತ್ತು.

ಶಾಂತಕ್ಕ ಕೆಳಗ ಬೊಟ್ಟು ಮಾಡಿ, ಇಷ್ಟು ಚಂದ ತ್ವಾಟದ, ಇದು ಯಾವ ಗಿಡ ಅಂದಳು.

"ಗಿಡ ಅಲ್ಲಕ್ಕಾ, ಅನಿಮಲ್. ಫೈಲಮ್ ಸೀಲೆಂಟರೇಟಾ. ಕೋರಲ್ ಅಂದರ ಇದೇ. ಹವಳ. ನಿನ್ನ ಕೊರಳಾಗ ಅವ ಅಲ್ಲ, ಅವು ಇದರ ಕೆಂಪು ತಂಗಿಗಳು. ಸತ್ತ ಮ್ಯಾಲ ಉಳಿದದ್ದು."

ಆಕಿ ಕೈ ಕೊರಳಿಗೆ ಹೋತು. ತಾಳಿಯ ಕರಿಮಣಿ ನಡುನಡುವೆ ಏಳು ಹವಳ, ಅದರ ಕೆಳಗ ಲಿಂಗದ ಕರಡಿಗಿ.

"ಉಳಿದದ್ದು ಅಂದರ ಏನು? ಎಲುಬಾ?"

ಸಿಸ್ಟರ್ ಬೆನೆಡಿಕ್ಟಾ ತಿಮಿಂಗಿಲಕ್ಕ ಮೀನು ಅಂದವರ ಗೆಣ್ಣು ಮುರೀತಿದ್ದಳು. ಆ ಗೆಣ್ಣಿನಿಂದಲೇ ಉತ್ತರ ಬಂತು ಕಾಣ್ತದ. ಟೆಕ್ನಿಕಲಿ ಸ್ಕೆಲೆಟನ್ ಅಂದೆ.

ಜೋಲಿ

ಶಾಂತಕ್ಕನ ಫಜೀತಿ ತಿಳಿಸಿ ಹೇಳತೀನಿ. ನಮ್ಮ ಮನ್ಯಾಗ ಲಿಂಗಪೂಜಿ ಆಗದ ತುತ್ತು ಬಾಯಿಗೆ ಹೋಗೂದಿಲ್ಲ. ಸತ್ತ ಪ್ರಾಣಿ ಎಲುಬು ಕೊರಳಾಗಿಟ್ಟುಕೊಂಡು ಲಿಂಗ ಮುಟ್ಟೋದು ಹೆಂಗ? ತೆಗೆದು ಇಡೋಣಂದರ ಅದು ತಾಳಿ. ಗಂಡ ಇರೋತನಕ ತೆಗೆಯೋ ಮಾತಿಲ್ಲ, ತೆಗೆದರ ಅವರಿಗೇ ಕೇಡು. ಇಟ್ಟುಕೊಂಡರ ದೇವರಿಗೆ ಮೈಲಿಗಿ, ತೆಗೆದರ ಗಂಡಗ ಕೇಡು. ಹಿಂಗಾಗಿ ಶಾಂತಕ್ಕ ಪೂಜಿ ಬಿಟ್ಟಳು. ಪೂಜಿ ಬಿಟ್ಟಾಕಿ ಊಟ ಬಿಟ್ಟಳು. ಮಧ್ಯಾಹ್ನದ ಊಟ ಹೋತು, ಸಂಜಿದು ಹೋತು, ಮರುದಿನದ ನಾಷ್ಟಾನೂ ಹೋತು. ಆಕಿಗೆ ಸಕ್ಕರಿ ಬ್ಯಾನಿ. ಉಂಡ ಮ್ಯಾಲ ನುಂಗೋ ಗುಳಿಗಿ ಹಂಗೇ ಕೂತವು. ಓಣಿ ಮೂಲಿ ಜೋಲಿಯೊಳಗ ಇಳಿದು, ಬರೇ ನೀರು ಕುಡೀತಾ, ಸಮುದ್ರಕ್ಕ ಬೆನ್ನು ಮಾಡಿ ಬಿದ್ದುಕೊಂಡಳು. ತುಟಿ ಒಣಗಿದ್ದವು. ನನಗ ಮಾತ್ರ ಒಂದು ಮಾತೂ ಬೈಯಲಿಲ್ಲ. ಐವತ್ತು ವರ್ಷದಾಗ ಆಕಿ ನನ್ನ ಬೈಯದ ದಿನ ಅದೊಂದೇ. ಅದಕ್ಕೇ ನನಗ ಅಂಜಿಕಿ ಹತ್ತಿತು.

ಪಲ್ಲವಿಯಂತೂ ಕಂಗಾಲು. ನೀವೇ ಹೇಳಿದ್ದು ತಪ್ಪು ಅಂದುಬಿಡ್ರಿ, ಕೋರಲ್ ಅಂದರ ಬಳ್ಳಿ ಅಂತ ಒಂದು ಮಾತು ಹೇಳಿದರ ಏನು ಹೋಗ್ತದ ಅಂತ ಕೈ ಹಿಡಿದಳು. ನಾ ಗೆಸ್ಟ್‌ಹೌಸಿನ ಕನ್ನಡಿ ಮುಂದ ನಿಂತು, ಹವಳ ಒಂದು ನಮೂನಿ ಬಳ್ಳಿ, ಹವಳ ಒಂದು ನಮೂನಿ ಬಳ್ಳಿ ಅಂತ ಎರಡು ಸಲ ರಿಹರ್ಸಲ್ ಮಾಡಿದೆ. ಮೂರನೇ ಸಲಕ್ಕ ಗೆಣ್ಣು ನೋಯಲಿಕತ್ತವು. ಸಂಕಟದಾಗ ನನಗೂ ಊಟ ಸೇರಲಿಲ್ಲ. ನಾಕೇ ಪೂರಿ ತಿಂದೆ.

ಉಳಿದದ್ದು ಒಂದೇ ದಾರಿ, ಅಯ್ಯನವರ ಕಡಿಂದ ತೀರ್ಪು. ಆದರ ಅವರು ಯಾರದೋ ಮನಿಶಾಂತಿಗೆ ನಿಲಂಗಾಕ್ಕ ಹೋಗಿದ್ದರು, ಫೋನು ಮುರುಮದ ಮನಿ ಗ್ವಾಡಿಯ ಮಾಡದಾಗ ಕೂತಿತ್ತು. ಇಡೀ ಒಂದು ದಿನ ಅದು ಮಾಡದಾಗೇ ಬಡಕೊಂಡಿತು. ಮೂರನೇ ದಿನ ಹತ್ತೂವರಿಗೆ ಎತ್ತಿದರು. ಪಲ್ಲವಿ ಸ್ಪೀಕರ್ ಹಚ್ಚಿ ಜೋಲಿ ಹತ್ತಿರ ಹಿಡಿದಳು. ಹನ್ನೊಂದು ಹೆಣ್ಮಕ್ಕಳು ಸುತ್ತ, ಅಲಿ ತೆಂಗಿನಮರಕ್ಕ ಒರಗಿಕೊಂಡು. ನಾ ನಡೆದದ್ದೆಲ್ಲ ಹೇಳಿದೆ. ಆ ಕಡಿ ಒಂದು ಕೋಳಿ ಕೂಗಿತು.

"ಸರೋಜಾ, ನೀ ಕಲಿತಾಕಿ," ಅಂದರು ಭಾವನವರು. "ಖರೇ ಹೇಳು. ಅದಕ್ಕ ಜೀವ ಇತ್ತೇನು?"

ಪಲ್ಲವಿ ನನ್ನ ಮಾರಿ ನೋಡಿ, ಇಲ್ಲ ಅನ್ರಿ ಅಂತ ತಲಿ ಅಲ್ಲಾಡಿಸಿದಳು. ಜೋಲಿಯೊಳಗಿಂದ ಶಾಂತಕ್ಕ ನನ್ನನ್ನೇ ನೋಡಲಿಕತ್ತಿದ್ದಳು. ಆ ನೋಟದಾಗ ಒಂದು ವಿಚಿತ್ರ ಇತ್ತು. ನಾ ಏನು ಹೇಳಿದರೂ ಆಕಿ ನಂಬಾಕಿ. ಇಷ್ಟು ವರ್ಷ ಜಗಳಾಡಿದ್ದು ಅದನ್ನ ಮುಚ್ಚಿಡಲಿಕ್ಕೇ ಇದ್ದೀತು.

"ಇತ್ತರಿ," ಅಂದೆ.

"ಮತ್ತ ನಮ್ಮ ಮನ್ಯಾಗ ಇಂಥಾವು ಇನ್ನ ಏನೇನು ಅವ?"

ಶುರು ಮಾಡಿದ ಮ್ಯಾಲ ನಿಲ್ಲಿಸೋದು ಹೆಂಗ. ನೀವು ಊದೋ ಶಂಖ, ಫೈಲಮ್ ಮೊಲಸ್ಕಾ, ಅದು ಬಸವನಹುಳದ ಮನಿ. ಮೂಗುತಿಯ ಮುತ್ತು, ಮೊಲಸ್ಕಾ, ಸಿಂಪಿ ಹೊಟ್ಟ್ಯಾಗ ಹುಟ್ಟಿದ್ದು. ಚೌಕಾಬಾರಾ ಆಡೋ ಕವಡಿ, ಅದೂ ಮೊಲಸ್ಕಾ. ಕೂಸಿನ ಕಿವಿ ಸೋರಿದರ ಅರೆದು ಹಾಕೋ ಸಮುದ್ರನೊರಿ ಅದಲ್ಲ, ಅದು ನೊರಿ ಅಲ್ಲರಿ, ಕಟಲ್‌ಫಿಶ್ ಅಂತ ಒಂದು ಜಲಚರದ ಬೆನ್ನೆಲುಬಿನಂಥಾದ್ದು, ಮೊಲಸ್ಕಾನೇ. ಸುತ್ತ ನಿಂತ ಹೆಣ್ಮಕ್ಕಳು ಒಬ್ಬೊಬ್ಬರೇ ತಮ್ಮ ಮೂಗು ಕಿವಿ ಮುಟ್ಟಿ ನೋಡಿಕೊಂಡರು. ಸಮುದ್ರದಿಂದ ಇಷ್ಟು ದೂರ, ಮೀನು ವಾಸನಿ ಬಂದರ ಓಣಿ ಬದಲಿಸೋ ನಮ್ಮ ಮನಿಗಳು ಪೂರಾ ಅಕ್ವೇರಿಯಂ.

ಅಯ್ಯನವರು ಕೆಮ್ಮಿದರು. ಹಂಗ ಕೆಮ್ಮಿದರಂದರ ತೀರ್ಪು ಬಂತು ಅಂತ ಅರ್ಥ.

"ಹವಳ ಕಟ್ಟಿ ಎಷ್ಟು ವರ್ಷಾತು?"

"ಲಗ್ನದಾಗ ಕಟ್ಟಿದ್ದಲ್ಲೇನ್ರಿ. ಐವತ್ತೆರಡು," ಅಂದಳು ಶಾಂತಕ್ಕ. ಒಂದು ದಿನದಾಗ ಆಕಿ ಆಡಿದ ಮೊದಲನೇ ಮಾತು.

"ಐವತ್ತೆರಡು ವರ್ಷ ಲಿಂಗದ ಮಗ್ಗಲಾಗೇ ಅವ. ನೀ ದಿನಾ ವಿಭೂತಿ ಹಚ್ಚುವಾಗ ಅವಕ್ಕ ಹತ್ತಿಲ್ಲೇನು? ಪಾದೋದಕ ತಗೊಳ್ಳುವಾಗ ಸಿಡಿದಿಲ್ಲೇನು? ಲಿಂಗ ಕಟ್ಟಿದ ಮ್ಯಾಲ ಮನಶಾಗೇ ನಿನ್ನ ಹಿಂದಿನ ಕುಲ ಯಾವುದು ಅಂತ ಕೇಳಬಾರದು. ಮಣಿಗೆ ಕೇಳತೀಯೇನು?"

ಶಾಂತಕ್ಕ ಜೋಲಿಯೊಳಗ ಎದ್ದು ಕೂಡಲಿಕ್ಕೆ ನೋಡಿದಳು, ಬಲಿ ಬಿಡಲಿಲ್ಲ. "ಹಂಗಾದರ ಇವು ಲಿಂಗವಂತರೇನ್ರಿ?"

"ನಿನಗಿಂತ ಪಕ್ಕಾ. ಅವು ಒಬ್ಬರ ಮ್ಯಾಲೂ ಚಾಡಿ ಹೇಳಿಲ್ಲ. ಹೋಗು, ಪೂಜಿ ಮಾಡಿ ಉಣ್ಣು." ಫೋನ್ ಇಟ್ಟರು.

ಅಲಿಗೆ ಏನಾತು ಅಂತ ತಿಳೀಲಿಲ್ಲ. ಈ ಸಮುದ್ರಜೀವಿಗಳು ನಮ್ಮ ಧರ್ಮಕ್ಕ ಸೇರಿದವು ಅಂತ ಪಲ್ಲವಿ ಹಿಂದಿಯೊಳಗ ಹೇಳಿದಳು. ಅಂವಾ ಗಂಭೀರಾಗಿ ಎದಿ ಮ್ಯಾಲ ಕೈ ಇಟ್ಟುಕೊಂಡು ಮುಬಾರಕ್ ಅಂದ. ಮೂರು ಮಂದಿ ಕೂಡಿ ಶಾಂತಕ್ಕನ್ನ ಹೊರಗ ತೆಗೆದಿವಿ. ಪೂಜಿಗೆ ಕೂತಾಗ ಆಕಿ ಆ ಏಳು ಮಣಿಗೂ ಒಂದೊಂದಾಗಿ ವಿಭೂತಿ ಹಚ್ಚಿದ್ದು ನೋಡಿದೆ. ಆಮ್ಯಾಲ ಆರು ಚಪಾತಿ, ಎರಡು ವಾಟಗ ಬ್ಯಾಳಿ, ಒಂದು ಮುಷ್ಟಿ ಶೇಂಗಾ ಚಟ್ನಿ. ಗುಳಿಗಿ ನುಂಗಿ, ನೀರು ಕುಡಿದು, ಆಕಿ ಮೊದಲು ಮಾಡಿದ ಕೆಲಸ ನನ್ನ ಕೊರಳು ನೋಡಿದ್ದು.

"ನಿನ್ನವು ಎಲ್ಲಿ ಅವ ಸರೂ?"

ಮಾಲಕರು ಹೋದ ದಿನ ಬಿಚ್ಚಿದ್ದು. ಉದಗೀರದ ಅಲ್ಮಾರಿಯೊಳಗ, ಬಿಸ್ಕಿಟಿನ ಡಬ್ಬ್ಯಾಗ, ಹಳೇ ಕ್ವೆಶ್ಚನ್ ಪೇಪರಿನ ಕೆಳಗ ಅವ ಅಂದೆ.

"ಎಷ್ಟು ವರ್ಷಾತು?"

"ಆರು."

"ಲಿಂಗವಂತರನ್ನ ಆರು ವರ್ಷ ಡಬ್ಬ್ಯಾಗ ಹಾಕಿ ಮುಚ್ಚಿ ಇಟ್ಟೀಯಾ? ಪೂಜಿ ಇಲ್ಲ, ಪುನಸ್ಕಾರ ಇಲ್ಲ. ಕಾನ್ವೆಂಟ್‌ನಾಗ ಇದನ್ನೇ ಕಲಿಸ್ಯಾರೇನು?" ಅಂತ ಆಕಿ ಬೈಯಲಿಕ್ಕೆ ಹತ್ತಿದಳು. ಒಂದು ದಿನ ಉಳಿಸಿಟ್ಟ ಬೈಗಳೆಲ್ಲ ಒಮ್ಮೆಲೆ ಬಂದವು. ಗಂಡಗ ಕಟ್ಟಿದ ತಾಳಿ ಗಂಡನ ಸಂಗಡ ಹೋತು, ಖರೇ. ಮಣಿ ಏನು ತಪ್ಪು ಮಾಡ್ಯಾವ, ಅವು ನಿನ್ನ ಮನೀ ಮಂದಿ ಅಲ್ಲೇನು ಅಂದಳು. ಬೈಸಿಕೋತ ಕೂತು ನಾ ಹೊಟ್ಟಿತುಂಬ ಉಂಡೆ.

ಮತ್ತ ಉದಗೀರ

ಮನಿಗೆ ಬಂದು ಚೀಲ ಬಿಚ್ಚೋ ಮೊದಲು ಅಲ್ಮಾರಿ ತೆಗೆದೆ. ಡಬ್ಬಿಯ ಮುಚ್ಚಳಕ್ಕ ಜಂಗು ಹಿಡಿದಿತ್ತು, ಚಮಚದ ತುದೀಲೆ ಮೀಟಬೇಕಾತು. ಐದು ಮಣಿ. ಒಂದಕ್ಕ ಮಗ್ಗಲಾಗ ಇನ್ನೊಂದು ಸಣ್ಣ ತೂತು, ಯಾವುದೋ ಕಾಲದಾಗ ಯಾವುದೋ ಹುಳ ಕೊರೆದದ್ದು. ಅದನ್ನ ಲಗ್ನದಾಗ ನೋಡಿ ನಮ್ಮ ಮಾಲಕರು ಬದಲಿಸಿ ಕೊಡಸತೀನಿ ಅಂದಿದ್ದರು, ಕೊಡಸಲಿಲ್ಲ. ಚೊಲೋನೇ ಆತು. ಕರಡಿಗಿಯ ದಾರದಾಗ ಐದೂ ಪೋಣಿಸಿ, ಜಳಕ ಮಾಡಿ, ಪೂಜಿಗೆ ಕೂತೆ.

ಮರುದಿನ ಮಗ್ಗಲ ಮನಿ ಕುಲಕರ್ಣಿ ಬಾಯಿ ಪ್ರವಾಸದ ಸುದ್ದಿ ಕೇಳಲಿಕ್ಕೆ ಬಂದಳು. ಆಕಿ ಕಣ್ಣು ನನ್ನ ಮಾರಿ ಮ್ಯಾಲ ಇರಲಿಲ್ಲ, ಕೊರಳ ಮ್ಯಾಲ ಇತ್ತು. ಚಹಾ ಮುಗಿಯೋ ತನಕ ತಡೆದು, ಆಮ್ಯಾಲ ದನಿ ಇಳಿಸಿ, ಟೀಚರ್, ಇದೇನು ಈ ವಯಸ್ಸಿನಾಗ ಮತ್ತ ಹವಳ ಅಂತ ಮರಾಠಿಯೊಳಗ ಕೇಳಿದಳು.

"ಫೈಲಮ್ ಸೀಲೆಂಟರೇಟಾ," ಅಂದೆ.

ಅದು ಯಾವುದೋ ಕಠಿಣ ವ್ರತ ಅಂತ ಆಕಿ ತಿಳಕೊಂಡಿರಬೇಕು. ಎದ್ದು ನಿಂತು, ಎರಡೂ ಕೈಲೆ ನಮಸ್ಕಾರ ಮಾಡಿ ಹೋದಳು.